ಅತೃಪ್ತ ರಾಷ್ಟ್ರಗಳು ಅಂತರರಾಷ್ಟ್ರೀಯ ಸಂಸ್ಥೆಗಳಿಗೆ ಸವಾಲೊಡ್ಡುವ ಬಗೆ: ಸುದ್ದಿಯನ್ನು ಹಂತ ಹಂತವಾಗಿ ಓದುವ ಕ್ರಮ

ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ವಾಚನಾಲಯಗಳಿಗೆ ಬರುವ ಪದವಿ ವಿದ್ಯಾರ್ಥಿಗಳಿಂದಲೂ, ಸ್ಪರ್ಧಾತ್ಮಕ ಪರೀಕ್ಷೆಗೆ ಕನ್ನಡದಲ್ಲೇ ಸಿದ್ಧರಾಗುತ್ತಿರುವವರಿಂದಲೂ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. ಬ್ರೆಜಿಲ್, ರಷ್ಯಾ, ಭಾರತ, ಚೀನಾ ಮತ್ತು ದಕ್ಷಿಣ ಆಫ್ರಿಕಾ ಸೇರಿ ಕಟ್ಟಿದ ಬ್ರಿಕ್ಸ್ ಬ್ಯಾಂಕ್ ಬಂದ ಮೇಲೆ ವಿಶ್ವಬ್ಯಾಂಕಿನ ಕಾಲ ಮುಗಿಯಿತೇ? ಅಮೆರಿಕ ವಿಶ್ವ ಆರೋಗ್ಯ ಸಂಸ್ಥೆಯಿಂದ ಹೊರನಡೆದರೆ ಆ ಸಂಸ್ಥೆ ಉಳಿಯುತ್ತದೆಯೇ? ಭದ್ರತಾ ಮಂಡಳಿಯಲ್ಲಿ ಭಾರತಕ್ಕೆ ಕಾಯಂ ಸ್ಥಾನ ಸಿಗುವುದು ಯಾವಾಗ? ಇವೆಲ್ಲವೂ ಮೂಲದಲ್ಲಿ ಒಂದೇ ಪ್ರಶ್ನೆ: ಈಗಿರುವ ವ್ಯವಸ್ಥೆ ತನಗೆ ನ್ಯಾಯ ಮಾಡುತ್ತಿಲ್ಲ ಎಂದು ಭಾವಿಸುವ ದೇಶ ಅದರ ವಿರುದ್ಧ ಏನು ಮಾಡಬಲ್ಲದು, ಮತ್ತು ಮಾಡಿದರೆ ಅದು ಎಷ್ಟು ನಾಟುತ್ತದೆ? ಪ್ರತಿ ಬಾರಿಯೂ ಬಿಡಿ ಉತ್ತರ ಕೊಡುವುದಕ್ಕಿಂತ, ಇಂಥ ಯಾವುದೇ ಸುದ್ದಿ ಬಂದಾಗ ನೀವೇ ಅದನ್ನು ಬಿಡಿಸಿ ನೋಡಿ ಅಳೆಯಬಹುದಾದ ಒಂದು ಕ್ರಮವನ್ನು ಬರೆದಿಡುವುದು ಹೆಚ್ಚು ಉಪಯುಕ್ತವೆಂದು ಈ ಲೇಖನ ಸಿದ್ಧಪಡಿಸಿದ್ದೇನೆ.

ಮೊದಲು ಬೇಕಾದುದು

ಒಂದು ನೋಟು ಪುಸ್ತಕ ಸಾಕು. ಅದರ ಜೊತೆಗೆ, ಸುದ್ದಿಯಲ್ಲಿರುವ ಸಂಸ್ಥೆಯ ಸ್ಥಾಪನಾ ದಾಖಲೆ ನಿಮ್ಮ ಕೈಯಲ್ಲಿರಬೇಕು. ವಿಶ್ವಸಂಸ್ಥೆಗಾದರೆ ಅದನ್ನು ಸನ್ನದು ಎನ್ನುತ್ತಾರೆ, ಉಳಿದ ಕಡೆ ಒಪ್ಪಂದ ಅಥವಾ ಒಡಂಬಡಿಕೆ ಎಂಬ ಹೆಸರಿರುತ್ತದೆ. ಇವೆಲ್ಲವೂ ಆಯಾ ಸಂಸ್ಥೆಗಳ ಜಾಲತಾಣಗಳಲ್ಲಿ ಉಚಿತವಾಗಿ ಸಿಗುತ್ತವೆ. ಪೂರ್ತಿ ಓದುವ ಅಗತ್ಯವಿಲ್ಲ. ಮತದಾನ, ತಿದ್ದುಪಡಿ ಮತ್ತು ಸದಸ್ಯತ್ವ ತ್ಯಾಗಕ್ಕೆ ಸಂಬಂಧಿಸಿದ ವಿಧಿಗಳನ್ನು ಮಾತ್ರ ಹುಡುಕಿ ಓದಿ.

ಕಾಸರಗೋಡಿನ ಓದುಗರಿಗೆ ಇಲ್ಲಿ ಒಂದು ವಿಶೇಷ ಎಚ್ಚರಿಕೆ ಬೇಕು. ನಮ್ಮಲ್ಲಿ ಬಹಳ ಜನ ಬೆಳಿಗ್ಗೆ ಕನ್ನಡ ಪತ್ರಿಕೆಯನ್ನೂ ಮಲಯಾಳ ಪತ್ರಿಕೆಯನ್ನೂ ಓದುತ್ತೇವೆ. ನಾವು ವಿಶ್ವಸಂಸ್ಥೆ ಎನ್ನುವುದನ್ನು ಮಲಯಾಳದಲ್ಲಿ ಐಕ್ಯರಾಷ್ಟ್ರಸಭ ಎಂದೂ, ಭದ್ರತಾ ಮಂಡಳಿಯನ್ನು ರಕ್ಷಾಸಮಿತಿ ಎಂದೂ ಬರೆಯುತ್ತಾರೆ. ‘ಸಭೆ’ ಎಂಬ ಪದವನ್ನು ಕಂಡು ಅದು 193 ದೇಶಗಳು ಕೂರುವ ಸಾಮಾನ್ಯ ಸಭೆಯೆಂದು ತಿಳಿದು, ಭದ್ರತಾ ಮಂಡಳಿಯ ನಿರ್ಣಯವನ್ನು ಸಾಮಾನ್ಯ ಸಭೆಯ ತಲೆಗೆ ಕಟ್ಟಿದ ಉತ್ತರಗಳನ್ನು ನಾನು ಕಂಡಿದ್ದೇನೆ. ಇವೆರಡರ ಅಧಿಕಾರಗಳು ತೀರ ಬೇರೆಯಾದ್ದರಿಂದ ಇಲ್ಲಿ ತಪ್ಪಿದರೆ ಮುಂದಿನ ಎಲ್ಲ ಲೆಕ್ಕವೂ ತಪ್ಪುತ್ತದೆ.

ಹಂತ 1: ತೀರ್ಮಾನ ಯಾರ ಕೈಯಲ್ಲಿದೆ ಎಂದು ಬರೆದುಕೊಳ್ಳಿ

ಸಂಸ್ಥೆಯ ಹೆಸರಿನ ಕೆಳಗೆ ಮೊದಲ ಸಾಲಿನಲ್ಲೇ ಅದರ ಮತದ ನಿಯಮವನ್ನು ಬರೆಯಿರಿ. ಸ್ಥೂಲವಾಗಿ ಮೂರು ಬಗೆಗಳಿವೆ.

ಮೊದಲನೆಯದು ವೀಟೋ, ಅಂದರೆ ಒಬ್ಬ ಸದಸ್ಯ ‘ಇಲ್ಲ’ ಎಂದರೆ ಇಡೀ ನಿರ್ಣಯವೇ ಬಿದ್ದುಹೋಗುವ ಹಕ್ಕು. ಭದ್ರತಾ ಮಂಡಳಿಯಲ್ಲಿ ಅಮೆರಿಕ, ರಷ್ಯಾ, ಚೀನಾ, ಬ್ರಿಟನ್ ಮತ್ತು ಫ್ರಾನ್ಸ್‌ಗಳಿಗೆ ಇದು ಇದೆ. ಎರಡನೆಯದು ಪಾಲಿನ ಮತ. ಅಂತರರಾಷ್ಟ್ರೀಯ ಹಣಕಾಸು ನಿಧಿಯಲ್ಲಿ, ಅಂದರೆ ಐಎಂಎಫ್‌ನಲ್ಲಿ, ಪ್ರತಿ ದೇಶಕ್ಕೂ ಒಂದು ಕೋಟಾ ಇರುತ್ತದೆ. ಆ ದೇಶ ಕೊಡಬೇಕಾದ ಹಣವೂ, ಅದಕ್ಕೆ ಸಿಗುವ ಮತವೂ ಬಹುತೇಕ ಇದರಿಂದಲೇ ತೀರ್ಮಾನವಾಗುತ್ತವೆ. ಮೂರನೆಯದು ಸಹಮತ: ಹಾಜರಿರುವ ಯಾರೊಬ್ಬರೂ ವಿರೋಧಿಸದಿದ್ದರೆ ಮಾತ್ರ ತೀರ್ಮಾನ. ವಿಶ್ವ ವ್ಯಾಪಾರ ಸಂಸ್ಥೆ, ಅಂದರೆ ಡಬ್ಲ್ಯುಟಿಒ, ನಡೆಯುವುದು ಈ ಪದ್ಧತಿಯಲ್ಲಿ.

ಇಲ್ಲಿ ಎಡವುವ ಜಾಗವೆಂದರೆ, ವೀಟೋ ಎಂಬ ಪದ ಬರೆದಿರುವಲ್ಲಿ ಮಾತ್ರ ವೀಟೋ ಇದೆಯೆಂದು ನಂಬುವುದು. ಐಎಂಎಫ್‌ನಲ್ಲಿ ಕೋಟಾ ಬದಲಿಸುವಂಥ ದೊಡ್ಡ ತೀರ್ಮಾನಗಳಿಗೆ ಶೇ. 85ರಷ್ಟು ಮತ ಬೇಕು. ಅಮೆರಿಕದ ಪಾಲು ಶೇ. 16ಕ್ಕಿಂತ ತುಸು ಹೆಚ್ಚು. ಹಾಗಾಗಿ ವೀಟೋ ಎಂಬ ಮಾತು ನಿಯಮದಲ್ಲಿ ಎಲ್ಲೂ ಇಲ್ಲದಿದ್ದರೂ ಅಮೆರಿಕ ಒಪ್ಪದೆ ಕೋಟಾ ಕದಲುವುದಿಲ್ಲ. ಚೀನಾ ಮುಂದಾಳತ್ವದಲ್ಲಿ ಹುಟ್ಟಿದ ಏಷ್ಯನ್ ಮೂಲಸೌಕರ್ಯ ಹೂಡಿಕೆ ಬ್ಯಾಂಕಿನಲ್ಲೂ ಇದೇ ಲೆಕ್ಕ ಇನ್ನೊಂದು ಹೆಸರಿನಲ್ಲಿ ಕಾಣುತ್ತದೆ: ಮಹತ್ವದ ತೀರ್ಮಾನಕ್ಕೆ ಮುಕ್ಕಾಲು ಪಾಲು ಮತ ಬೇಕು, ಚೀನಾದ ಬಳಿ ಕಾಲು ಪಾಲಿಗಿಂತ ತುಸು ಹೆಚ್ಚು ಮತವಿದೆ. ಹಳೆಯ ಸಂಸ್ಥೆಯ ಮೇಲೆ ದೂರು ಹೇಳಿ ಹೊಸದನ್ನು ಕಟ್ಟಿದವರು ಹಳೆಯದರ ಯಾವ ಅಂಶವನ್ನು ನಕಲು ಮಾಡಿದ್ದಾರೆಂದು ನೋಡುವುದು ನನಗೆ ಯಾವಾಗಲೂ ಅವರ ಭಾಷಣಗಳಿಗಿಂತ ಹೆಚ್ಚು ತಿಳಿವಳಿಕೆ ಕೊಟ್ಟಿದೆ.

ಹಂತ 2: ಅತೃಪ್ತಿ ಯಾವುದರ ಬಗ್ಗೆ ಎಂದು ಬೇರ್ಪಡಿಸಿ

ಅಂತರರಾಷ್ಟ್ರೀಯ ಸಂಬಂಧಗಳ ಪಠ್ಯಗಳಲ್ಲಿ ಅತೃಪ್ತ ದೇಶಗಳನ್ನು ಪರಿಷ್ಕರಣವಾದಿ ರಾಷ್ಟ್ರಗಳೆಂದೂ, ಈಗಿನ ವ್ಯವಸ್ಥೆ ಹೀಗೇ ಇರಲಿ ಎನ್ನುವವನ್ನು ಯಥಾಸ್ಥಿತಿವಾದಿ ರಾಷ್ಟ್ರಗಳೆಂದೂ ಕರೆಯುತ್ತಾರೆ. ಪರೀಕ್ಷೆಗೆ ಈ ಪದಗಳು ಬೇಕು. ಆದರೆ ಸುದ್ದಿ ಓದುವುದಕ್ಕೆ ಇವು ಸಾಲುವುದಿಲ್ಲ. ಒಂದೇ ದೇಶ ಒಂದು ಸಂಸ್ಥೆಯಲ್ಲಿ ಯಥಾಸ್ಥಿತಿಯನ್ನು ಕಾಯುತ್ತಾ ಇನ್ನೊಂದರಲ್ಲಿ ಬದಲಾವಣೆಗೆ ಹಟ ಹಿಡಿಯುವುದು ಸಾಮಾನ್ಯ. ಭದ್ರತಾ ಮಂಡಳಿಯ ವೀಟೋ ವಿಷಯದಲ್ಲಿ ಚೀನಾಕ್ಕೆ ಯಾವ ಅತೃಪ್ತಿಯೂ ಇಲ್ಲ. ಐಎಂಎಫ್‌ನ ಮತದ ಪಾಲಿನ ವಿಷಯದಲ್ಲಿ ಇದೆ.

ಆದ್ದರಿಂದ ದೇಶಕ್ಕೆ ಹಣೆಪಟ್ಟಿ ಹಚ್ಚುವ ಬದಲು ದೂರನ್ನು ವಿಂಗಡಿಸಿ. ದೂರು ಸ್ಥಾನದ ಬಗ್ಗೆ ಇರಬಹುದು: ಭಾರತ, ಬ್ರೆಜಿಲ್, ಜರ್ಮನಿ ಮತ್ತು ಜಪಾನ್ ಒಟ್ಟಾಗಿ 2005ರಲ್ಲಿ ಮುಂದಿಟ್ಟ ಭದ್ರತಾ ಮಂಡಳಿ ವಿಸ್ತರಣೆಯ ಬೇಡಿಕೆ ಇಂಥದ್ದು. ನಿಯಮದ ಬಗ್ಗೆ ಇರಬಹುದು: ರೇಷನ್ ಅಂಗಡಿಗಾಗಿ ಸರ್ಕಾರ ಬೆಂಬಲ ಬೆಲೆ ಕೊಟ್ಟು ಅಕ್ಕಿ ಗೋಧಿ ಕೊಂಡರೆ, ಅದರಲ್ಲಿ ಸಬ್ಸಿಡಿ ಎಷ್ಟೆಂದು ಡಬ್ಲ್ಯುಟಿಒ ನಿಯಮವು 1986–88ರ ಬೆಲೆಗೆ ಹೋಲಿಸಿ ಲೆಕ್ಕ ಹಾಕುತ್ತದೆ, ನಾಲ್ಕು ದಶಕದ ಹಿಂದಿನ ಬೆಲೆಗೆ ಇಂದಿನ ಬೆಲೆಯನ್ನು ಹೋಲಿಸಿದರೆ ಸಬ್ಸಿಡಿ ಇರುವುದಕ್ಕಿಂತ ದೊಡ್ಡದಾಗಿ ಕಾಣುವುದು ಸಹಜ ಎಂಬುದು ಭಾರತದ ಆಕ್ಷೇಪ. ನಿರ್ದಿಷ್ಟ ತೀರ್ಪಿನ ಬಗ್ಗೆ ಇರಬಹುದು: ದಕ್ಷಿಣ ಚೀನಾ ಸಮುದ್ರದ ಕುರಿತು ಫಿಲಿಪ್ಪೀನ್ಸ್ ಹೂಡಿದ ದಾವೆಯಲ್ಲಿ 2016ರ ಜುಲೈ 12ರಂದು ಬಂದ ಪಂಚಾಯ್ತಿ ತೀರ್ಪನ್ನು ಚೀನಾ ತಿರಸ್ಕರಿಸಿತು, ಆದರೆ ಸಮುದ್ರ ಕಾನೂನಿನ ಒಡಂಬಡಿಕೆಯಿಂದ ಹೊರಬರಲಿಲ್ಲ. ಕೊನೆಯದಾಗಿ, ಸಂಸ್ಥೆಯ ಅಸ್ತಿತ್ವದ ಬಗ್ಗೆಯೇ ದೂರಿರಬಹುದು. ಇದು ಬಹಳ ಅಪರೂಪ.

ಪತ್ರಿಕೆಯ ತಲೆಬರಹಗಳು ಮೊದಲ ಮೂರು ಬಗೆಯ ದೂರುಗಳನ್ನೆಲ್ಲ ನಾಲ್ಕನೆಯದಾಗಿ ತೋರಿಸುತ್ತವೆ. ಸ್ಥಾನ ಕೇಳುವ ದೇಶ ಸಂಸ್ಥೆ ಉಳಿಯಬೇಕೆಂದು ಬಯಸುತ್ತದೆ. ಮುರಿದುಬೀಳುವ ಮನೆಯಲ್ಲಿ ಕೋಣೆ ಕೇಳುವವರು ಯಾರು?

ಹಂತ 3: ಯಾವ ಸಾಧನ ಬಳಸಿದೆ ಎಂದು ಗುರುತಿಸಿ

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ. ಅತೃಪ್ತ ದೇಶದ ಮುಂದೆ ಹಲವು ದಾರಿಗಳಿರುತ್ತವೆ, ಮತ್ತು ಯಾವುದನ್ನು ಆರಿಸಿಕೊಂಡಿತು ಎಂಬುದರಲ್ಲೇ ಅದರ ಬಲ ಎಷ್ಟು, ಉದ್ದೇಶ ಏನು ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ.

ಒಳಗಿದ್ದೇ ನಿಯಮ ಬದಲಿಸುವುದು. ವಿಶ್ವಸಂಸ್ಥೆಯ ಸನ್ನದಿನ 108ನೆಯ ವಿಧಿಯ ಪ್ರಕಾರ ತಿದ್ದುಪಡಿಗೆ ಸಾಮಾನ್ಯ ಸಭೆಯ ಮೂರನೇ ಎರಡು ಭಾಗದ ಮತ ಬೇಕು, ಆಮೇಲೆ ಮೂರನೇ ಎರಡು ಭಾಗದಷ್ಟು ಸದಸ್ಯ ದೇಶಗಳು ತಮ್ಮ ತಮ್ಮ ಸಂವಿಧಾನದ ಕ್ರಮದಲ್ಲಿ ಅದನ್ನು ಸ್ಥಿರೀಕರಿಸಬೇಕು, ಅಂದರೆ ಅಧಿಕೃತವಾಗಿ ಒಪ್ಪಿಕೊಳ್ಳಬೇಕು. ಹಾಗೆ ಒಪ್ಪಿದವರಲ್ಲಿ ಐದೂ ಕಾಯಂ ಸದಸ್ಯರು ಇರಲೇಬೇಕು. ಇದನ್ನು ಓದಿದವರು ಬದಲಾವಣೆ ಅಸಾಧ್ಯವೆಂದು ಕೈಚೆಲ್ಲುತ್ತಾರೆ. 1963ರಲ್ಲಿ ನಡೆದುದನ್ನು ನೋಡಿ. ಹೊಸದಾಗಿ ಸ್ವತಂತ್ರವಾದ ಏಷ್ಯಾ ಮತ್ತು ಆಫ್ರಿಕಾದ ದೇಶಗಳು ಒಟ್ಟಾಗಿ ಭದ್ರತಾ ಮಂಡಳಿಯನ್ನು 11ರಿಂದ 15 ಸದಸ್ಯರಿಗೆ ಹಿಗ್ಗಿಸುವ ನಿರ್ಣಯವನ್ನು ಸಾಮಾನ್ಯ ಸಭೆಗೆ ತಂದವು. ಸೋವಿಯತ್ ಒಕ್ಕೂಟ ಮತ್ತು ಫ್ರಾನ್ಸ್ ವಿರುದ್ಧ ಮತ ಹಾಕಿದವು, ಅಮೆರಿಕ ಮತ್ತು ಬ್ರಿಟನ್ ತಟಸ್ಥವಾಗಿ ಉಳಿದವು. ಸಾಮಾನ್ಯ ಸಭೆಯಲ್ಲಿ ವೀಟೋ ಇಲ್ಲದ ಕಾರಣ ನಿರ್ಣಯ ಅಂಗೀಕಾರವಾಯಿತು. ಅಷ್ಟೊಂದು ದೇಶಗಳ ಇಚ್ಛೆಗೆ ತಾನೊಬ್ಬನೇ ಅಡ್ಡ ನಿಂತೆನೆಂಬ ಹೆಸರನ್ನು ಹೊರಲು ಯಾವ ಕಾಯಂ ಸದಸ್ಯನೂ ಸಿದ್ಧನಿರಲಿಲ್ಲವಾಗಿ, 1965ರ ಆಗಸ್ಟ್ ವೇಳೆಗೆ ಐದೂ ದೇಶಗಳು ಸ್ಥಿರೀಕರಿಸಿ ತಿದ್ದುಪಡಿ ಜಾರಿಗೆ ಬಂತು. ಆದರೆ ಆಗ ಸೇರಿದ್ದು ಕಾಯಂ ಅಲ್ಲದ ನಾಲ್ಕು ಸ್ಥಾನಗಳು ಎಂಬುದನ್ನೂ ಬರೆದಿಟ್ಟುಕೊಳ್ಳಿ. ವೀಟೋ ಇದ್ದವರ ಹಕ್ಕಿಗೆ ಕೂದಲೆಳೆಯಷ್ಟೂ ಕೊರತೆಯಾಗಿರಲಿಲ್ಲ. ಇಂದಿನ ಬೇಡಿಕೆ ಕಾಯಂ ಸ್ಥಾನದ್ದಾದ್ದರಿಂದ ಅದು ಇನ್ನೂ ಕಷ್ಟದ್ದು, ಮತ್ತು ಇಟಲಿ, ಪಾಕಿಸ್ತಾನದಂಥ ದೇಶಗಳ ವಿರೋಧಿ ಗುಂಪೂ ಅದಕ್ಕೆ ಎದುರಿದೆ.

ಒಳಗಿದ್ದೇ ತಡೆಯುವುದು. ಸಹಮತದಿಂದ ನಡೆಯುವ ಸಂಸ್ಥೆಯಲ್ಲಿ ಇದು ಬಲವಾದ ಆಯುಧ. 2013ರ ಡಿಸೆಂಬರಿನಲ್ಲಿ ಬಾಲಿಯಲ್ಲಿ ನಡೆದ ಡಬ್ಲ್ಯುಟಿಒ ಸಭೆಯಲ್ಲಿ ವ್ಯಾಪಾರ ಸೌಲಭ್ಯ ಒಪ್ಪಂದಕ್ಕೆ, ಅಂದರೆ ಗಡಿಗಳಲ್ಲಿ ಸರಕು ಸಾಗಣೆಯ ಕ್ರಮಗಳನ್ನು ಸರಳಗೊಳಿಸುವ ಒಪ್ಪಂದಕ್ಕೆ, ಎಲ್ಲರೂ ಒಪ್ಪಿದ್ದರು. ಹಂತ 2ರಲ್ಲಿ ಹೇಳಿದ ರೇಷನ್ ಆಹಾರ ದಾಸ್ತಾನಿನ ವಿಷಯ ಇತ್ಯರ್ಥವಾಗದೆ ಅದನ್ನು ಜಾರಿಗೊಳಿಸುವ ದಾಖಲೆಗೆ ಒಪ್ಪಲಾರೆವೆಂದು ಭಾರತ 2014ರ ಜುಲೈ ಕೊನೆಯಲ್ಲಿ ಪಟ್ಟು ಹಿಡಿಯಿತು. ಅದೇ ನವೆಂಬರಿನಲ್ಲಿ, ಶಾಶ್ವತ ಪರಿಹಾರ ಸಿಗುವವರೆಗೂ ‘ಶಾಂತಿ ಷರತ್ತು’ ಮುಂದುವರಿಯುತ್ತದೆಂಬ ತೀರ್ಮಾನ ಬಂತು. ಶಾಂತಿ ಷರತ್ತು ಎಂದರೆ ನಿಗದಿತ ಶರತ್ತುಗಳನ್ನು ಪಾಲಿಸಿದರೆ ಆ ವಿಷಯದಲ್ಲಿ ಯಾರೂ ದಾವೆ ಹೂಡುವುದಿಲ್ಲವೆಂಬ ರಕ್ಷಣೆ. ನಿಯಮ ಹಾಗೆಯೇ ಉಳಿಯಿತು, ಅದರ ಪೆಟ್ಟು ತಪ್ಪಿತು. ನನ್ನ ಅಭಿಪ್ರಾಯದಲ್ಲಿ ಇದು ಸಣ್ಣ ಗೆಲುವೇನಲ್ಲ, ಆದರೆ ಇದನ್ನು ನಿಯಮವನ್ನೇ ಬದಲಿಸಿದ ಗೆಲುವೆಂದು ಬರೆಯುವುದು ತಪ್ಪು.

ಸಂಸ್ಥೆಯ ಒಂದು ಅಂಗವನ್ನು ಸದ್ದಿಲ್ಲದೆ ಒಣಗಿಸುವುದು. ಡಬ್ಲ್ಯುಟಿಒದಲ್ಲಿ ವ್ಯಾಪಾರ ವ್ಯಾಜ್ಯಗಳ ಕೊನೆಯ ಮೆಟ್ಟಿಲು ಮೇಲ್ಮನವಿ ಮಂಡಳಿ. ಅದಕ್ಕೆ 7 ಸದಸ್ಯರು, ಒಂದು ಪ್ರಕರಣ ಕೇಳಲು 3 ಮಂದಿ ಬೇಕು. ಈ ಮಂಡಳಿ ತನಗೆ ಕೊಟ್ಟ ಅಧಿಕಾರ ಮೀರಿ ಹೊಸ ನಿಯಮ ಸೃಷ್ಟಿಸುತ್ತಿದೆ, ನಿಗದಿತ 90 ದಿನಗಳ ಅವಧಿಯನ್ನು ಮೀರುತ್ತಿದೆ ಎಂಬ ದೂರಿಟ್ಟುಕೊಂಡು ಅಮೆರಿಕವು ನಿವೃತ್ತರಾದವರ ಜಾಗಕ್ಕೆ ಹೊಸಬರ ನೇಮಕಕ್ಕೆ ಒಪ್ಪಿಗೆ ಕೊಡುವುದನ್ನೇ ನಿಲ್ಲಿಸಿತು. 2019ರ ಡಿಸೆಂಬರಿನಲ್ಲಿ ಉಳಿದ ಮೂವರಲ್ಲಿ ಇಬ್ಬರ ಅವಧಿ ಮುಗಿದು ಒಬ್ಬರೇ ಉಳಿದರು. 2020ರ ನವೆಂಬರ್ ಕೊನೆಗೆ ಅವರೂ ಹೋದರು. ಒಂದು ನಿರ್ಣಯ ಮಂಡಿಸಲಿಲ್ಲ, ಒಂದು ವಿಧಿ ತಿದ್ದಲಿಲ್ಲ, ಸದಸ್ಯತ್ವ ಬಿಡಲಿಲ್ಲ. ಸಂಸ್ಥೆಯ ನ್ಯಾಯಾಲಯದ ಬಾಗಿಲು ಮಾತ್ರ ಮುಚ್ಚಿತು. ಕೆಳಗಿನ ಹಂತದ ವರದಿಯಲ್ಲಿ ಸೋತ ದೇಶ ಈಗ, ಕೇಳುವವರೇ ಇಲ್ಲದ ಮಂಡಳಿಗೆ ಮೇಲ್ಮನವಿ ಸಲ್ಲಿಸಿದರೆ ತೀರ್ಪು ಜಾರಿಯಾಗದೆ ನಿಲ್ಲುತ್ತದೆ. ಸಕ್ಕರೆ ಸಬ್ಸಿಡಿ ಪ್ರಕರಣದಲ್ಲಿ ಭಾರತವೂ ಇದೇ ದಾರಿ ಹಿಡಿಯಿತು. ಅತೃಪ್ತ ರಾಷ್ಟ್ರವೆಂದರೆ ಬಡ ಅಥವಾ ಹೊಸ ರಾಷ್ಟ್ರವೆಂಬ ಕಲ್ಪನೆಯನ್ನು ಈ ಪ್ರಕರಣ ಪೂರ್ತಿ ಅಳಿಸಿಹಾಕುತ್ತದೆ: ಸಂಸ್ಥೆಯನ್ನು ಕಟ್ಟುವುದರಲ್ಲಿ ಮುಂದಾಳಾಗಿದ್ದ ದೇಶವೇ ಅದರ ಅತ್ಯಂತ ಪರಿಣಾಮಕಾರಿ ಎದುರಾಳಿಯಾಯಿತು.

ಹೊರನಡೆಯುವುದು. ಇದರ ಸದ್ದು ದೊಡ್ಡದು, ಫಲ ಹಲವು ಬಾರಿ ಸಣ್ಣದು. ಚೀನಾದ ಮಂಚೂರಿಯಾದ ಮೇಲೆ ಜಪಾನ್ ನಡೆಸಿದ ಆಕ್ರಮಣವನ್ನು ಖಂಡಿಸುವ ವರದಿಯನ್ನು ವಿಶ್ವಸಂಸ್ಥೆಗೂ ಮೊದಲಿದ್ದ ರಾಷ್ಟ್ರಸಂಘ ಅಂಗೀಕರಿಸಿದ ಮೇಲೆ ಆ ದೇಶ 1933ರ ಮಾರ್ಚಿನಲ್ಲಿ ಹೊರಬರುವ ನೋಟಿಸ್ ಕೊಟ್ಟಿತು, ಅಕ್ಟೋಬರಿನಲ್ಲಿ ಜರ್ಮನಿ, 1937ರಲ್ಲಿ ಇಟಲಿ ಹಿಂಬಾಲಿಸಿದವು. ಅಲ್ಲಿ ಬಲಾಢ್ಯ ದೇಶಗಳು ಒಂದರ ಹಿಂದೊಂದರಂತೆ ಹೊರಟಿದ್ದರಿಂದ ಸಂಸ್ಥೆಯೇ ಕುಸಿಯಿತು. ಆದರೆ ಒಂಟಿಯಾಗಿ ಹೊರಟವರ ಕತೆ ಬೇರೆ. ಮಲೇಷ್ಯಾಕ್ಕೆ ಭದ್ರತಾ ಮಂಡಳಿಯಲ್ಲಿ ಸ್ಥಾನ ಕೊಟ್ಟಿದ್ದನ್ನು ವಿರೋಧಿಸಿ ಸುಕಾರ್ನೊ ಅವರ ಇಂಡೋನೇಷ್ಯಾ 1965ರ ಜನವರಿಯಲ್ಲಿ ವಿಶ್ವಸಂಸ್ಥೆಯನ್ನು ಬಿಟ್ಟು, ಹೊಸದಾಗಿ ಮೇಲೇಳುತ್ತಿರುವ ಶಕ್ತಿಗಳ ಪರ್ಯಾಯ ಕೂಟವೊಂದನ್ನು ಕಟ್ಟಲು ಹೊರಟಿತು. 1966ರ ಸೆಪ್ಟೆಂಬರಿನಲ್ಲಿ ಮರಳಿ ಬಂತು. ಬಹಿಷ್ಕಾರದ ಅಪಾಯಕ್ಕೆ 1950ಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಚೀನಾದ ಸ್ಥಾನವನ್ನು ಬೀಜಿಂಗ್‌ನ ಹೊಸ ಕಮ್ಯುನಿಸ್ಟ್ ಸರ್ಕಾರಕ್ಕೆ ಕೊಡುತ್ತಿಲ್ಲವೆಂದು ಸೋವಿಯತ್ ಪ್ರತಿನಿಧಿ ಜನವರಿಯಿಂದ ಭದ್ರತಾ ಮಂಡಳಿಗೆ ಬರುವುದನ್ನೇ ಬಿಟ್ಟಿದ್ದರು. ಜೂನ್ ತಿಂಗಳಲ್ಲಿ ಕೊರಿಯಾ ಯುದ್ಧ ಆರಂಭವಾದಾಗ, ವೀಟೋ ಹಾಕಲು ಅವರು ಅಲ್ಲಿ ಇರಲಿಲ್ಲವಾದ್ದರಿಂದ ದಕ್ಷಿಣ ಕೊರಿಯಾಕ್ಕೆ ಸೈನಿಕ ನೆರವು ನೀಡುವ ನಿರ್ಣಯ ಸರಾಗವಾಗಿ ಅಂಗೀಕಾರವಾಯಿತು. ಆಗಸ್ಟಿನಲ್ಲಿ ಅವರು ಆಸನಕ್ಕೆ ಹಿಂತಿರುಗಿದರು.

ದೊಡ್ಡ ಹಣ ಕೊಡುವ ದೇಶ ಹೊರನಡೆದಾಗ ಲೆಕ್ಕ ಬದಲಾಗುತ್ತದೆ. ಯುನೆಸ್ಕೊದಿಂದ ಅಮೆರಿಕ 1984ರಲ್ಲಿ ಹೊರಬಂದು 2003ರಲ್ಲಿ ಮರಳಿತು, 2018ರ ಕೊನೆಗೆ ಮತ್ತೆ ಹೊರಟು 2023ರಲ್ಲಿ ಮತ್ತೆ ಬಂತು, 2025ರಲ್ಲಿ ಮತ್ತೊಮ್ಮೆ ಹೊರಡುವುದಾಗಿ ಪ್ರಕಟಿಸಿತು. ಇಂಥಲ್ಲಿ ಹೊರನಡೆಯುವುದು ವಿದಾಯಕ್ಕಿಂತ ಹೆಚ್ಚಾಗಿ ಒತ್ತಡದ ಸಾಧನ. ಖಾಲಿಯಾದ ಬೊಕ್ಕಸವೇ ಸಂಸ್ಥೆಗೆ ಕೊಡುವ ಸಂದೇಶ. ‘ಹೊರಬಂದಿದೆ’ ಎಂಬ ಸುದ್ದಿ ಓದಿದಾಗ ನೋಟಿಸ್ ಕೊಟ್ಟ ದಿನಾಂಕ ಮತ್ತು ಜಾರಿಗೆ ಬರುವ ದಿನಾಂಕ ಎರಡನ್ನೂ ಬರೆದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯಿಂದ ಹೊರಬರುವ 2020ರ ಅಮೆರಿಕದ ನೋಟಿಸ್ ಜಾರಿಗೆ ಬರುವ ಮೊದಲೇ, 2021ರ ಜನವರಿಯಲ್ಲಿ ರದ್ದಾಗಿತ್ತು.

ಪಕ್ಕದಲ್ಲಿ ಇನ್ನೊಂದನ್ನು ಕಟ್ಟುವುದು. ನಮ್ಮ ಓದುಗರು ಹೆಚ್ಚು ಕೇಳುವುದು ಇದರ ಬಗ್ಗೆ. ಐಎಂಎಫ್‌ನಲ್ಲಿ ಚೀನಾ, ಭಾರತ, ಬ್ರೆಜಿಲ್‌ನಂಥ ದೇಶಗಳ ಪಾಲು ಹೆಚ್ಚಿಸುವ ಸುಧಾರಣೆಗೆ 2010ರಲ್ಲೇ ಒಪ್ಪಿಗೆಯಾಗಿದ್ದರೂ ಅಮೆರಿಕದ ಸಂಸತ್ತು ಅದಕ್ಕೆ ಸಮ್ಮತಿ ಕೊಟ್ಟಿದ್ದು 2015ರ ಡಿಸೆಂಬರಿನಲ್ಲಿ. ಆ ಐದು ವರ್ಷಗಳ ಒಳಗೇನಾಯಿತೆಂದು ನೋಡಿ: 2014ರ ಜುಲೈನಲ್ಲಿ ಬ್ರೆಜಿಲ್‌ನ ಫೋರ್ಟಲೇಜಾದಲ್ಲಿ ಬ್ರಿಕ್ಸ್ ದೇಶಗಳು ನವ ಅಭಿವೃದ್ಧಿ ಬ್ಯಾಂಕ್ (ಬ್ರಿಕ್ಸ್ ಬ್ಯಾಂಕ್ ಎನ್ನುವುದು ಇದನ್ನೇ) ಸ್ಥಾಪಿಸುವ ಒಪ್ಪಂದಕ್ಕೆ ಸಹಿ ಹಾಕಿದವು, ಅದೇ ಅಕ್ಟೋಬರಿನಲ್ಲಿ ಏಷ್ಯನ್ ಮೂಲಸೌಕರ್ಯ ಹೂಡಿಕೆ ಬ್ಯಾಂಕಿನ ಮೊದಲ ಒಡಂಬಡಿಕೆಯಾಯಿತು, 2015ರ ಮಾರ್ಚಿನಲ್ಲಿ ಅಮೆರಿಕದ ಅಸಮಾಧಾನವನ್ನೂ ಲೆಕ್ಕಿಸದೆ ಬ್ರಿಟನ್ ಅದಕ್ಕೆ ಸೇರುವುದಾಗಿ ಪ್ರಕಟಿಸಿತು. ನವ ಅಭಿವೃದ್ಧಿ ಬ್ಯಾಂಕಿನ ಕಚೇರಿ ಶಾಂಘೈನಲ್ಲಿದೆ, ಮತ್ತು ಅದರ ಮೊದಲ ಅಧ್ಯಕ್ಷರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿ ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿದ ಕೆ. ವಿ. ಕಾಮತ್. ಅಲ್ಲಿ ಐದು ಸ್ಥಾಪಕ ದೇಶಗಳಿಗೂ ಸಮಾನ ಪಾಲು ಎಂಬುದು ಹಳೆಯ ಸಂಸ್ಥೆಗಳಿಗೆ ಕೊಟ್ಟ ನಿಜವಾದ ಉತ್ತರ.

ಆದರೆ ಅದೇ ಸಮಾವೇಶದಲ್ಲಿ ಒಪ್ಪಿಗೆಯಾದ ಇನ್ನೊಂದು ವ್ಯವಸ್ಥೆಯನ್ನೂ ನೋಡಬೇಕು. ಸದಸ್ಯ ದೇಶಕ್ಕೆ ಡಾಲರ್ ಕೊರತೆ ಬಂದಾಗ ನೆರವಾಗಲು 10,000 ಕೋಟಿ ಡಾಲರಿನ ತುರ್ತು ಮೀಸಲು ನಿಧಿಯನ್ನು ಬ್ರಿಕ್ಸ್ ಮಾಡಿಕೊಂಡಿತು. ಚೀನಾದ ವಾಗ್ದಾನ 4,100 ಕೋಟಿ, ಭಾರತ, ರಷ್ಯಾ ಮತ್ತು ಬ್ರೆಜಿಲ್‌ಗಳದ್ದು ತಲಾ 1,800 ಕೋಟಿ, ದಕ್ಷಿಣ ಆಫ್ರಿಕಾದ್ದು 500 ಕೋಟಿ. ಇದರಿಂದ ಒಂದು ದೇಶ ತನಗೆ ನಿಗದಿಯಾದ ಮೊತ್ತದಲ್ಲಿ ಸುಲಭವಾಗಿ ಪಡೆಯಬಹುದಾದದ್ದು ಶೇ. 30 ಮಾತ್ರ, ಉಳಿದ ಶೇ. 70 ಬೇಕಿದ್ದರೆ ಅದು ಐಎಂಎಫ್ ಜೊತೆ ಸಾಲದ ಕಾರ್ಯಕ್ರಮಕ್ಕೆ ಒಪ್ಪಿಕೊಂಡಿರಬೇಕು. ಐಎಂಎಫ್‌ಗೆ ಬದಲಿಯೆಂದು ಪತ್ರಿಕೆಗಳು ಬರೆದ ನಿಧಿಯ ಬಹುಪಾಲಿನ ಬೀಗದ ಕೈ ಐಎಂಎಫ್ ಬಳಿಯೇ ಇದೆ. ಕೊಟ್ಟ ಸಾಲ ಮರಳಿ ಬರಬೇಕೆಂದರೆ ಸಾಲ ಪಡೆಯುವವನ ಲೆಕ್ಕಪತ್ರ ನೋಡುವವರು ಬೇಕು, ಕಟುವಾದ ಷರತ್ತು ಹಾಕುವವರು ಬೇಕು. ಆ ಅಪ್ರಿಯ ಕೆಲಸವನ್ನು ಹೊತ್ತುಕೊಳ್ಳಲು ಸ್ಥಾಪಕರಲ್ಲಿ ಯಾರೂ ಬಯಸಲಿಲ್ಲ ಎಂದು ನಾನು ಇದನ್ನು ಅರ್ಥ ಮಾಡಿಕೊಂಡಿದ್ದೇನೆ. ಹೊಸ ಸಂಸ್ಥೆಯ ಸುದ್ದಿ ಬಂದಾಗಲೆಲ್ಲ, ಹಳೆಯದರ ಯಾವ ಕೆಲಸವನ್ನು ಅದು ಮಾಡಲು ಹೊರಟಿಲ್ಲ ಎಂದು ಕೇಳಿಕೊಳ್ಳಿ.

ಸೇರದೆ ಹೊರಗೇ ಇರುವುದು. ಪರಮಾಣು ಪ್ರಸರಣ ತಡೆ ಒಪ್ಪಂದಕ್ಕೆ ಭಾರತ ಎಂದೂ ಸಹಿ ಹಾಕಲಿಲ್ಲ. ಆದರೂ 2008ರಲ್ಲಿ ಪರಮಾಣು ಪೂರೈಕೆದಾರರ ಗುಂಪು, ಅಂದರೆ ಪರಮಾಣು ಇಂಧನ ಮತ್ತು ತಂತ್ರಜ್ಞಾನ ಮಾರುವ ದೇಶಗಳ ಕೂಟ, ಭಾರತಕ್ಕೆ ವಿಶೇಷ ವಿನಾಯಿತಿ ಕೊಟ್ಟಿತು. 1974ರ ಪೋಖ್ರಾನ್ ಪರೀಕ್ಷೆಯ ಪ್ರತಿಕ್ರಿಯೆಯಾಗಿ ಹುಟ್ಟಿದ ಗುಂಪದು ಎಂಬುದು ನೆನಪಿರಲಿ. ಅಮೆರಿಕ ಸಮುದ್ರ ಕಾನೂನಿನ ಒಡಂಬಡಿಕೆಯನ್ನು ಇಂದಿಗೂ ಸ್ಥಿರೀಕರಿಸಿಲ್ಲ, ಆದರೂ ಅದರೊಳಗಿನ ಸಂಚಾರ ಸ್ವಾತಂತ್ರ್ಯವನ್ನು ಉಳಿದವರು ಪಾಲಿಸಬೇಕೆನ್ನುತ್ತದೆ.

ಹಂತ 4: ಬೆನ್ನಿಗೆ ಯಾರಿದ್ದಾರೆ ಎಂದು ಎಣಿಸಿ

ಅತೃಪ್ತರೆಲ್ಲ ಒಂದಾಗುವುದಿಲ್ಲ. ಭದ್ರತಾ ಮಂಡಳಿಗೆ ಸುಧಾರಣೆ ಬೇಕೆಂದು ಬಹುತೇಕ ಎಲ್ಲ ದೇಶಗಳೂ ಹೇಳುತ್ತವೆ. ಯಾರಿಗೆ ಸ್ಥಾನ ಎಂಬ ಪ್ರಶ್ನೆ ಎದ್ದಕೂಡಲೇ ಪ್ರತಿ ಆಕಾಂಕ್ಷಿಗೂ ಒಬ್ಬ ನೆರೆಯವನು ವಿರೋಧಿಯಾಗಿ ನಿಲ್ಲುತ್ತಾನೆ. 1964ರಲ್ಲಿ 77 ದೇಶಗಳು ಸೇರಿ ಕಟ್ಟಿದ ಗುಂಪು ಇಂದು ಅದಕ್ಕಿಂತ ಬಹಳ ದೊಡ್ಡದಾಗಿದ್ದರೂ, ಅದರಲ್ಲಿ ತೈಲ ಮಾರುವವರೂ ಕೊಳ್ಳುವವರೂ ಇದ್ದಾರೆ. ಹೇಳಿಕೆಗೆ ಸಹಿ ಹಾಕಿದವರ ಸಂಖ್ಯೆಯನ್ನಲ್ಲ, ಮತ ಹಾಕಿದವರ ಮತ್ತು ಹಣ ಕೊಟ್ಟವರ ಸಂಖ್ಯೆಯನ್ನು ಬರೆದುಕೊಳ್ಳಿ.

ಇಲ್ಲಿ ನಮ್ಮೂರಿನ ಹೋಲಿಕೆಯೊಂದನ್ನು ಹಲವರು ಮುಂದಿಡುತ್ತಾರೆ. ರಾಜ್ಯಗಳ ಗಡಿ ವ್ಯಾಜ್ಯ ಬಗೆಹರಿಸಲು ಮಹಾಜನ ಆಯೋಗ ರಚನೆಯಾದದ್ದು ಮಹಾರಾಷ್ಟ್ರದ ಒತ್ತಾಯದಿಂದ. 1967ರಲ್ಲಿ ವರದಿ ಬಂದಾಗ ಅದನ್ನು ತಿರಸ್ಕರಿಸಿದ್ದೂ ಮಹಾರಾಷ್ಟ್ರವೇ. ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂಬ ಶಿಫಾರಸನ್ನು ಕೇರಳವೂ ಒಪ್ಪಲಿಲ್ಲ. ಪಂಚಾಯ್ತಿ ಬೇಕೆಂದವರು ತೀರ್ಪು ಬಂದ ಮೇಲೆ ಬೇಡವೆನ್ನುವ ಬಗೆ ನಮಗೆ ಚೆನ್ನಾಗಿ ಗೊತ್ತಿರುವುದರಿಂದ, ದಕ್ಷಿಣ ಚೀನಾ ಸಮುದ್ರದ ಪ್ರಕರಣವನ್ನು ಅರ್ಥ ಮಾಡಿಕೊಳ್ಳಲು ಈ ಹೋಲಿಕೆ ಒಂದಿಷ್ಟು ನೆರವಾಗುತ್ತದೆ. ಆದರೆ ಅದನ್ನು ಬಹುದೂರ ಎಳೆಯಬೇಡಿ. ರಾಜ್ಯಗಳ ಮೇಲೆ ಸಂಸತ್ತು ಇದೆ, ಸುಪ್ರೀಂ ಕೋರ್ಟ್ ಇದೆ, ಸಂವಿಧಾನದ 3ನೆಯ ವಿಧಿ ಇದೆ. ದೇಶಗಳ ಮೇಲೆ ಅಂಥ ಯಾವ ಅಧಿಕಾರವೂ ಇಲ್ಲ. ತೀರ್ಪನ್ನು ತಿರಸ್ಕರಿಸಿದ ದೇಶವನ್ನು ಬಗ್ಗಿಸಲು ಉಳಿದ ದೇಶಗಳ ಮನಸ್ಸು ಮತ್ತು ಹಿತಾಸಕ್ತಿಗಳು ಮಾತ್ರ ಇವೆ.

ಹಂತ 5: ‘ದೇಶ’ ಎಂದರೆ ಅಲ್ಲಿ ಯಾರು ಎಂದು ಕೇಳಿ

ಈ ಹಂತವನ್ನು ಪಠ್ಯಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಕಾಸರಗೋಡಿನಲ್ಲಿ ಇದ್ದುಕೊಂಡು ನಾನು ಅದನ್ನು ಬಿಡಲಾರೆ.

ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ರವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಯಿತು. ಎಣ್ಮಕಜೆಯ ಪಡ್ರೆಯಂಥ ಊರುಗಳಲ್ಲಿ ಅದರ ಪರಿಣಾಮವನ್ನು ಮನೆಮನೆಯಲ್ಲೂ ಕಂಡಿದ್ದೇವೆ. ದೀರ್ಘಕಾಲ ಉಳಿಯುವ ಸಾವಯವ ಮಾಲಿನ್ಯಕಾರಕಗಳನ್ನು ಜಗತ್ತಿನಿಂದ ತೆಗೆದುಹಾಕಲು ಸ್ಟಾಕ್‌ಹೋಮ್ ಒಡಂಬಡಿಕೆ ಇದೆ; ಭಾರತ 2006ರಲ್ಲಿ ಅದನ್ನು ಸ್ಥಿರೀಕರಿಸಿತು. ಎಂಡೋಸಲ್ಫಾನನ್ನು ಆ ನಿಷೇಧ ಪಟ್ಟಿಗೆ ಸೇರಿಸುವ ಪ್ರಸ್ತಾಪ ಬಂದಾಗ ಭಾರತ ಅತೃಪ್ತ ರಾಷ್ಟ್ರವಾಗಿತ್ತು. ಒಡಂಬಡಿಕೆಯ ಪರಿಶೀಲನಾ ಸಮಿತಿ ಸಹಮತದ ಬದಲು ಮತದಾನದಿಂದ ಮುಂದೆ ಸಾಗಿದ್ದನ್ನು ಅದು ಆಕ್ಷೇಪಿಸಿತು. ರೈತರಿಗೆ ಅಗ್ಗದ ಬದಲಿ ಔಷಧಿ ಇಲ್ಲವೆಂದು ವಾದಿಸಿತು. ಹಂತ 3ರಲ್ಲಿ ಹೇಳಿದ, ಒಳಗಿದ್ದೇ ತಡೆಯುವ ಸಾಧನವೇ ಇದು. 2011ರ ಏಪ್ರಿಲ್ 25ರಂದು ಜಿನೀವಾದಲ್ಲಿ ಸದಸ್ಯ ದೇಶಗಳ ಸಮ್ಮೇಳನ ಆರಂಭವಾದ ದಿನವೇ, ಎಂಡೋಸಲ್ಫಾನ್ ನಿಷೇಧಕ್ಕೆ ಒತ್ತಾಯಿಸಿ ಕೇರಳದ ಮುಖ್ಯಮಂತ್ರಿ ವಿ. ಎಸ್. ಅಚ್ಯುತಾನಂದನ್ ತಿರುವನಂತಪುರದಲ್ಲಿ ಉಪವಾಸ ಕುಳಿತರು. ಆ ಸಮ್ಮೇಳನದಲ್ಲಿ ಕೆಲವು ಬೆಳೆಗಳಿಗೆ ತಾತ್ಕಾಲಿಕ ವಿನಾಯಿತಿ ದೊರೆತ ಮೇಲೆ ಭಾರತ ಒಪ್ಪಿತು, ಎಂಡೋಸಲ್ಫಾನ್ ಪಟ್ಟಿಗೆ ಸೇರಿತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದರ ತಯಾರಿಕೆ ಮತ್ತು ಬಳಕೆಗೆ ತಡೆ ವಿಧಿಸಿತು.

ಬಲಾಢ್ಯ ದೇಶಗಳ ನಿಯಮಗಳಿಗೆ ಎದುರು ನಿಲ್ಲುವ ಭಾರತದ ಬಗ್ಗೆ ನನಗೆ ಹೆಮ್ಮೆಯಿದೆ. ರೇಷನ್ ಅಕ್ಕಿಯ ವಿಷಯದಲ್ಲಿ ಅದು ಹಿಡಿದ ಪಟ್ಟು ಸರಿಯಾದದ್ದೆಂದೇ ನಂಬಿದ್ದೇನೆ. ಆದರೆ ಎಂಡೋಸಲ್ಫಾನ್ ವಿಷಯದಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯ ನಿಲುವು ನಮ್ಮ ಜನರ ನೋವಿಗೆ ಹತ್ತಿರವಾಗಿತ್ತು, ನಮ್ಮ ಹೆಸರಿನಲ್ಲಿ ಮಾತಾಡಿದವರ ನಿಲುವು ದೂರವಾಗಿತ್ತು. ಹಾಗಾಗಿ ‘ಭಾರತದ ನಿಲುವು’, ‘ಬ್ರೆಜಿಲ್‌ನ ನಿಲುವು’ ಎಂದು ಓದಿದಾಗ, ಆ ದೇಶದೊಳಗೆ ಅದರಿಂದ ಯಾರಿಗೆ ಲಾಭ, ಯಾರಿಗೆ ಪೆಟ್ಟು ಎಂದು ಒಂದು ಸಾಲು ಬರೆಯದೆ ಮುಂದೆ ಹೋಗಬೇಡಿ.

ಹಂತ 6: ದಿನಾಂಕ ಹಾಕಿ, ಮರಳಿ ನೋಡಿ

ಪ್ರಕಟಣೆಯ ದಿನ ಬರೆದ ತೀರ್ಮಾನ ಹೆಚ್ಚಿನ ಸಂದರ್ಭಗಳಲ್ಲಿ ತಪ್ಪಾಗುತ್ತದೆ. ನಿಮ್ಮ ಅಂದಾಜನ್ನು ದಿನಾಂಕದೊಡನೆ ಬರೆದು, ಆರು ತಿಂಗಳ ಬಳಿಕ ಮತ್ತು ಎರಡು ವರ್ಷಗಳ ಬಳಿಕ ತೆರೆದು ನೋಡಿ. ಹಾಗೆ ನೋಡುವಾಗ ಸಂಸ್ಥೆಯ ಕೆಲಸ ನಡೆಯುತ್ತಿದೆಯೇ, ಖಾಲಿ ಹುದ್ದೆಗಳು ತುಂಬಿವೆಯೇ, ಸದಸ್ಯರು ವಂತಿಗೆ ಕಟ್ಟಿದ್ದಾರೆಯೇ ಎಂಬ ಮೂರನ್ನು ಮಾತ್ರ ಪರೀಕ್ಷಿಸಿದರೆ ಸಾಕು. ಭಾಷಣಗಳನ್ನು ಬಿಡಬಹುದು.

ಅಭ್ಯಾಸಕ್ಕೆ ನಮ್ಮ ಕಡಲತೀರದ್ದೇ ಒಂದು ವಿಷಯ ತೆಗೆದುಕೊಳ್ಳಿ. ಅಕ್ರಮ ಮೀನುಗಾರಿಕೆಗೂ, ಅತಿಯಾಗಿ ಹಿಡಿದು ಬರಿದಾದ ಮೀನಿನ ಸಂತತಿಗೂ ಕೊಡುವ ಸಬ್ಸಿಡಿಯನ್ನು ನಿಲ್ಲಿಸುವ ಡಬ್ಲ್ಯುಟಿಒ ಒಪ್ಪಂದ 2022ರ ಜೂನ್‌ನಲ್ಲಿ ಜಿನೀವಾದಲ್ಲಿ ಅಂಗೀಕಾರವಾಗಿ, 2025ರ ಸೆಪ್ಟೆಂಬರ್ 15ರಂದು ಜಾರಿಗೆ ಬಂದಿದೆ. ಅದರ ಎರಡನೆಯ ಭಾಗ, ಅಂದರೆ ಮಿತಿಮೀರಿದ ಮೀನುಗಾರಿಕೆಗೆ ಕಾರಣವಾಗುವ ಸಬ್ಸಿಡಿಗಳ ಕುರಿತ ನಿಯಮ, ಮಾತುಕತೆಯಲ್ಲೇ ಇದೆ. ದೂರದ ಸಮುದ್ರದಲ್ಲಿ ದೊಡ್ಡ ಹಡಗುಗಳಿಂದ ಮೀನು ಹಿಡಿದು ಬೆಳೆದ ದೇಶಗಳು ಮೊದಲು ಹೊಣೆ ಹೊರಲಿ, ತನ್ನಂಥ ದೇಶಗಳಿಗೆ ಹೊಂದಿಕೊಳ್ಳಲು 25 ವರ್ಷಗಳ ಕಾಲಾವಕಾಶ ಬೇಕು ಎಂಬುದು ಭಾರತ ಮುಂದಿಟ್ಟ ಬೇಡಿಕೆ. ಮಂಜೇಶ್ವರದ ದೋಣಿಯವರಿಗೆ ಸಿಗುವ ಇಂಧನದ ರಿಯಾಯಿತಿಗೂ ಈ ಮಾತುಕತೆಗೂ ನೇರ ಸಂಬಂಧವಿದೆ. ನೋಟು ಪುಸ್ತಕದ ಮೊದಲ ಪುಟದಲ್ಲಿ ‘ಮತದ ನಿಯಮ: ಸಹಮತ’ ಎಂದು ಬರೆದು, ಎರಡನೆಯ ಹಂತದಿಂದ ನೀವೇ ಮುಂದುವರಿಸಿ.